ಕ್ಯಾಸೆಟ್ಟಿನ ಎರಡನೇ ಬದಿ

ನಾನು ಮದುವೆಯಾದದ್ದು ಒಂದು ಕ್ಯಾಸೆಟ್ಟನ್ನು. ಹೀಗೆಂದರೆ ನಮ್ಮ ಮನೆಯವರಿಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬರಲಿ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಹುಣಸಗಿಯ ಹತ್ತಿರದ ನನ್ನ ತವರೂರಿನಲ್ಲಿ ಆಗ ಹಿಟ್ಟಿನ ಗಿರಣಿಗೆ ಹೋದರೂ ಅದೇ, ಚಹಾದ ಅಂಗಡಿಯ ಮುಂದೆ ಹಾದರೂ ಅದೇ, ಸುರಪುರದ ಬಸ್ಸು ಹತ್ತಿ ಕೂತರೂ ಅದೇ ಕ್ಯಾಸೆಟ್ಟು. ಸುರಪುರದ ಒಂದು ಭಜನಾ ಮೇಳದವರು ಹಾಡಿದ ತತ್ವಪದಗಳು. ಮೊದಲ ಬದಿಯಲ್ಲಿ ವಿಶೇಷವೇನಿರಲಿಲ್ಲ. ಚೆನ್ನಾಗಿಯೇ ಇತ್ತು, ಆದರೆ ಅಂಥ ಹಾಡು ಯಾವ ಊರ ಗುಡಿಯಲ್ಲಾದರೂ ಕೇಳಲು ಸಿಗುತ್ತಿತ್ತು. ಎರಡನೇ ಬದಿಯ ಮಾತೇ ಬೇರೆ. ಅಲ್ಲಿ ಮುಂದೆ ಕೂತು ಹಾಡುವವನ ದನಿ ಪದದಿಂದ ಪದಕ್ಕೆ ತೆಳ್ಳಗಾಗುತ್ತ, ಮೇಲೆ ಮೇಲೆ ಹೋಗುತ್ತಿತ್ತು. ಕೊನೆಯ ಪದ ಮುಗಿಯುವ ಹೊತ್ತಿಗೆ ಅದು ಗಂಡಸಿನ ಗಂಟಲು ಮುಟ್ಟಲಾರದ ಎತ್ತರದಲ್ಲಿರುತ್ತಿತ್ತು. ಗಿರಣಿಯ ಮುಂದೆ ಜೋಳದ ಚೀಲ ಇಟ್ಟುಕೊಂಡು ನಿಂತ ಹೆಂಗಸರು ಆ ಪದ ಬಂದಾಗ ಮಾತು ನಿಲ್ಲಿಸುತ್ತಿದ್ದರು.

ಜನ ಅದಕ್ಕೆ ಕಾರಣವನ್ನೂ ಕಂಡುಕೊಂಡಿದ್ದರು. ಹಾಡುತ್ತ ಹಾಡುತ್ತ ಗುರುವೇ ಆತನನ್ನು ಕೈಹಿಡಿದು ಮೇಲಕ್ಕೆ ಎಳೆದುಕೊಂಡ ಎಂಬುದು ಆ ಕಾರಣ. ಹಾಗಾಗಿಯೇ ಮೊದಲ ಬದಿಯಲ್ಲಿ ಮನುಷ್ಯನ ದನಿ, ಎರಡನೇ ಬದಿಯಲ್ಲಿ ಕೃಪೆಯ ದನಿ. ನಾನು ಓದಿದವಳು, ಟಿ.ಸಿ.ಎಚ್. ಮುಗಿಸಿ ನೌಕರಿಯ ಹಾದಿ ಕಾಯುತ್ತಿದ್ದವಳು. ನಾನೂ ನಂಬಿದ್ದೆ. ಅಂಥ ದನಿ ಕೇಳಿದರೆ ಯಾರಾದರೂ ನಂಬುತ್ತಿದ್ದರು.

ಒಂದು ದಿನ ನಮ್ಮಣ್ಣ ಬಂದು, "ಆ ಕ್ಯಾಸೆಟ್ಟಿನ್ಯಾಗ ಹಾಡ್ಯಾನಲ್ಲ, ಅಂವಂದs ಸಂಬಂಧ ಬಂದದ. ಕಾಲುವಿ ಗೇಟಿನ ಮ್ಯಾಲೆ ಸರಕಾರಿ ನೌಕರಿ ಅದ" ಅಂದ. ನಮ್ಮವ್ವ ನೌಕರಿಯ ಬಗ್ಗೆ ಕೇಳುತ್ತಿದ್ದಳು. ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತು ನಕ್ಕೆ. ನೋಡಲು ಬಂದ ದಿನ ಅವರು ಬಾಯಿಬಿಟ್ಟು ಎರಡು ಮಾತೂ ಆಡಲಿಲ್ಲ. ದೊಡ್ಡ ಹಾಡುಗಾರ, ಗಂಟಲು ಉಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ.

ಮದುವೆಯಾಗಿ ಸುರಪುರಕ್ಕೆ ಬಂದ ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಯಾರೋ ನೀರು ಸೇದುತ್ತ ಗುನುಗುತ್ತಿದ್ದರು. ಹಂಡೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ದಪ್ಪ, ತಗ್ಗಿನ ದನಿ. ಮೈದುನನೋ ಭಾವನೋ ಇರಬೇಕೆಂದು ಸೆರಗು ಸರಿಮಾಡಿಕೊಂಡು ಇಣುಕಿದರೆ ಇವರು! ಅಯ್ಯ, ಮೋಸವಾಯಿತಲ್ಲ ಅನ್ನಿಸಿತು. ನಾನು ಎರಡನೇ ಬದಿಯಲ್ಲಿ ಕೇಳಿದ ಮನುಷ್ಯ ಎಲ್ಲಿ, ಈ ಹಗ್ಗ ಎಳೆಯುವ ಮನುಷ್ಯ ಎಲ್ಲಿ? ಎರಡು ದಿನ ಮುಖ ಸಣ್ಣ ಮಾಡಿಕೊಂಡೇ ಓಡಾಡಿದೆ. ಆದರೆ ಆ ತಗ್ಗಿನ ದನಿ ದಿನಾ ಬೆಳಿಗ್ಗೆ ಕಿವಿಗೆ ಬೀಳುತ್ತಿತ್ತಲ್ಲ, ಮೊದಲ ಮಳೆಗಾಲ ಮುಗಿಯುವುದರೊಳಗೆ ನನಗೆ ಅದೇ ಬೇಕಾಯಿತು. ಕ್ಯಾಸೆಟ್ಟಿನ ದನಿಗೆ ಕೈಮುಗಿಯಬೇಕು ಅನ್ನಿಸುತ್ತಿತ್ತು, ಈ ದನಿಯ ಹತ್ತಿರ ಹೋಗಿ ಕೂರಬೇಕು ಅನ್ನಿಸುತ್ತಿತ್ತು.

ಆಗ ಇವರಿಗೆ ಊರೂರಿಂದ ಕರೆ. ಶಹಾಪುರದವರು ಕರೆಯುತ್ತಿದ್ದರು, ಯಾದಗಿರಿಯವರು ಕರೆಯುತ್ತಿದ್ದರು, ತಿಂಥಣಿಯಲ್ಲಂತೂ ಪ್ರತಿ ಅಮಾವಾಸ್ಯೆ ಇವರದೇ ಮೇಳ. ಹೋದಲ್ಲೆಲ್ಲ ಶುರುವಿನ ಪದಗಳಿಗೆ ಜನ ತಲೆದೂಗಿ ಸುಮ್ಮನೆ ಕೂಡುತ್ತಿದ್ದರು. ಎರಡನೇ ಬದಿಯ ಪದಗಳು ಬಂದವೋ, "ಏರಸ್ರಿ! ಮ್ಯಾಲೆ ಏರಸ್ರಿ!" ಎಂದು ನಾಲ್ಕು ಕಡೆಯಿಂದ ಕೂಗು. ಇವರು ಏರಿಸಲು ನೋಡುತ್ತಿದ್ದರು. ಕೊರಳ ನರ ಉಬ್ಬುತ್ತಿತ್ತು, ಕಣ್ಣು ಕೆಂಪಗಾಗುತ್ತಿತ್ತು, ದನಿ ಮಾತ್ರ ಆ ಎತ್ತರಕ್ಕೆ ಹೋಗುತ್ತಿರಲಿಲ್ಲ. ಮನೆಗೆ ಬಂದು ಬಿಸಿನೀರಿಗೆ ಉಪ್ಪು ಹಾಕಿಕೊಂಡು ಬಾಯಿ ಮುಕ್ಕಳಿಸುತ್ತಿದ್ದರು.

ಕೊಡೇಕಲ್ಲಿನಲ್ಲಿ ಅದು ಕೊನೆಯಾಯಿತು. ಗುಡಿಯ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಜನ. ನಾನು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹೆಂಗಸರ ಸಾಲಿನಲ್ಲಿ ಕೂತಿದ್ದೆ. ಕೊನೆಯ ಪದವನ್ನು ಇವರು ತಮ್ಮ ತಗ್ಗಿನ ದನಿಯಲ್ಲೇ ಹಿಡಿದರು. ಬಹಳ ಚೆಂದ ಬರುತ್ತಿತ್ತು. ಅಷ್ಟರಲ್ಲಿ ಕೂಗು ಶುರುವಾಯಿತು. ಇವರು ಏರಿಸಹೋದರು, ನಡುವೆಯೇ ದನಿ ಒಡೆದು ಬರೀ ಗಾಳಿ ಬಂತು. ಮುಂದಿನ ಸಾಲಿನ ಒಬ್ಬ ಮುದುಕ ಎಲ್ಲರಿಗೂ ಕೇಳುವ ಹಾಗೆ, "ಗುರು ಬಿಟ್ಟುಹೋಗ್ಯಾನ ಇಂವ್ನ. ಏನ್ ತಪ್ಪು ಮಾಡ್ಯಾನೋ ಏನೋ" ಅಂದ. ಆ ಮುದುಕನ ಬಾಯಿಗೆ ಮಣ್ಣು ಹಾಕಬೇಕೆನ್ನಿಸಿತು ನನಗೆ. ಇವರು ತಲೆ ತಗ್ಗಿಸಿ ಎದ್ದು ಹಿಂದೆ ಹೋಗಿ ತಾಳ ಹಿಡಿದು ಕೂತರು. ಅಂದಿನಿಂದ ಇವರ ಜಾಗ ಅದೇ ಆಯಿತು.

ಮೇಳ ಬಿಡಲಿಲ್ಲ, ಅಮಾವಾಸ್ಯೆ ತಪ್ಪಿಸಲಿಲ್ಲ, ತಾಳ ಹಾಕಿಕೊಂಡು ಬಂದರು. ಹಾಡಲಿಲ್ಲ. ಹಿತ್ತಲಿನ ಗುನುಗೂ ನಿಂತಿತು. ಎಲ್ಲಕ್ಕಿಂತ ಸಂಕಟದ ಸಂಗತಿಯೆಂದರೆ ಆ ಮುದುಕನ ಮಾತನ್ನು ಇವರೂ ನಂಬಿದ್ದರು. ಒಬ್ಬರೇ ಇದ್ದಾಗ ಎರಡನೇ ಬದಿ ಹಾಕಿಕೊಂಡು ಕೇಳುತ್ತಿದ್ದರು. "ಆವಾಗಿನ ನಾನು ಬ್ಯಾರೆ ಇದ್ದೆ. ಹೋತದು" ಅನ್ನುತ್ತಿದ್ದರು. "ನನಗ ನಿಮ್ಮ ಈಗಿನ ದನೀನ ಸೇರ್ತದ್ರಿ, ಅನ್ರಿ ಒಂದ್ ಪದ" ಎಂದು ನಾನು ಎಷ್ಟು ಗೋಗರೆದರೂ, "ನೀ ಮನಿ ಮಂದಿ. ನಿನ್ನ ಮಾತಿಗೇನದ" ಎಂದು ತಳ್ಳಿಹಾಕುತ್ತಿದ್ದರು. ನಾನು ನೌಕರಿ ಹಿಡಿದೆ, ಕನ್ನಡ ಶಾಲೆಯ ಅಕ್ಕೋರಾದೆ, ಸಾವಿರ ಮಕ್ಕಳ ಬಾಯಲ್ಲಿ ಪದ್ಯ ಹೇಳಿಸಿದೆ. ಮನೆಯಲ್ಲಿ ಒಬ್ಬರ ಬಾಯಿ ಬಿಡಿಸಲಾಗಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ: ಅವರು ಸಾಯುವುದರೊಳಗೆ, ಅಥವಾ ನಾನು ಸಾಯುವುದರೊಳಗೆ, ಇನ್ನೊಮ್ಮೆ ಮುಂದೆ ಕೂತು ಹಾಡಬೇಕು.

ಇತ್ತ ಕ್ಯಾಸೆಟ್ಟು ತನ್ನ ಪಾಡಿಗೆ ತಾನು ಬೆಳೆಯಿತು. ಈ ಭಾಗದ ಭಜನೆಗಳಲ್ಲಿ ಕೊನೆಯ ಪದವನ್ನು ಏರಿಸಿಯೇ ಹಾಡಬೇಕೆಂಬ ಪದ್ಧತಿಯೇ ಹುಟ್ಟಿಕೊಂಡಿತು. ಹಾರ್ಮೋನಿಯಂ, ನಮ್ಮ ಕಡೆಯ ಮಾತಲ್ಲಿ ಪೇಟಿ, ಹಾಗೆ ಚೂರುಚೂರೇ ಏರಲಾರದು. ಅದರ ಪಟ್ಟಿಗಳು ಎಲ್ಲಿವೆಯೋ ಅಲ್ಲೇ. ಹಾಗಾಗಿ ಕೊನೆಯ ಪದ ಬಂದಾಗ ಪೇಟಿ ನುಡಿಸುವವರು ಅದನ್ನು ಮುಚ್ಚಿ, ಮೇಲೊಂದು ಟವೆಲ್ಲು ಹೊದಿಸಿ, ಪಕ್ಕಕ್ಕೆ ಸರಿಸುವುದು. ಆಮೇಲೆ ಬರೀ ತಾಳ, ದಮ್ಮಡಿ; ಎಲ್ಲರೂ ಕೂಡಿ ಮೇಲೆ ಮೇಲೆ ಏರುವುದು. ಯಾರ ಗಂಟಲು ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೆ. ಗುರುವಿನ ಎದುರು ಪೇಟಿ ಸೋಲೊಪ್ಪಿಕೊಳ್ಳುತ್ತದೆ ಎಂದು ಅದಕ್ಕೊಂದು ಅರ್ಥವನ್ನೂ ಹಚ್ಚಿದರು.

ನಮ್ಮ ಮಗಳು ದೊಡ್ಡವಳಾಗಿ ಯಾದಗಿರಿಯ ಒಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದಳು. ಇವರು ನಿವೃತ್ತರಾದ ವರ್ಷ ಅವಳಿಗೊಂದು ಹುಮ್ಮಸ್ಸು ಬಂತು: ಅಪ್ಪನ ಕ್ಯಾಸೆಟ್ಟನ್ನು ಶುದ್ಧ ಮಾಡಿಸಿ ಯೂಟ್ಯೂಬಿಗೆ ಹಾಕಬೇಕು. ರೀಮಾಸ್ಟರ್ ಅನ್ನುತ್ತಾರಂತೆ ಅದಕ್ಕೆ. ರೆಕಾರ್ಡು ಮಾಡಿದ ದಿನದ ಮೊದಲ ಕ್ಯಾಸೆಟ್ಟು ನಮ್ಮ ಅಲಮಾರಿನಲ್ಲಿ ನನ್ನ ಮದುವೆಯ ಸೀರೆಯ ಕೆಳಗೆ ಇತ್ತು. ಅದನ್ನು ಒಯ್ದು ಯಾದಗಿರಿಯ ಒಂದು ಸ್ಟುಡಿಯೋಕ್ಕೆ ಕೊಟ್ಟಳು. ಖರಖರ ಸದ್ದು ತೆಗೆಸಿದರೆ ಸಾಕು ಎಂದಷ್ಟೇ ಅವಳ ಲೆಕ್ಕ ಇತ್ತು.

ಒಂದು ರವಿವಾರ ಬಂದವಳು ಚಪ್ಪಲಿಯನ್ನೂ ಬಿಡದೆ, "ಅವ್ವಾ, ಎರಡನೇ ಬದಿ ಓಡಾಕತ್ತದ" ಅಂದಳು.

"ಓಡಾಕತ್ತದ ಅಂದ್ರ ಏನs? ಕಾಲು ಬಂದಾವೇನು ಅದಕ್ಕ?"

"ನಗಬ್ಯಾಡ. ಆವತ್ತು ಮೊದಲ ಬದಿ ಆದ ಮ್ಯಾಲೆ ಕರೆಂಟ್ ಹೋಗಿತ್ತು ಅಂತ ಅಪ್ಪ ಹೇಳ್ತಿದ್ದಿಲ್ಲೇನು? ರೆಕಾರ್ಡ್ ಮಾಡೂ ಕ್ಯಾಸೆಟ್ ಅಂಗಡಿಯಾಂವ ಎಲ್ಲಾರ ಟಾರ್ಚಿನ ಸೆಲ್ಲು ಕೂಡಿಸಿ ಮಷೀನಿಗೆ ಹಾಕಿದ್ನಂತ. ಹಳೇ ಸೆಲ್ಲು. ಹಾಡು ಹೋದಂಗ ಸೆಲ್ಲು ಇಳಿದಾವ."

ಇಳಿದ ಸೆಲ್ಲಿನ ಸಂಗತಿ ನಮ್ಮ ಕಾಲದವರಿಗೆಲ್ಲ ಗೊತ್ತು. ಸೆಲ್ಲು ಇಳಿದರೆ ಟೇಪು ನಿಧಾನ ತಿರುಗಿ ಹಾಡು ಎಳೆದೆಳೆದು ಬರುತ್ತದೆ, ದನಿ ದಪ್ಪಗಾಗುತ್ತದೆ. ಇಲ್ಲಿ ತೆಳ್ಳಗಾಗಿದೆಯಲ್ಲ ಅಂದೆ. ಅವಳು ನನ್ನನ್ನು ಕೂರಿಸಿ, ನಾನು ಎರಡನೇ ಇಯತ್ತೆಯ ಮಕ್ಕಳಿಗೆ ಹೇಳುತ್ತಿದ್ದ ಹಾಗೆ ತಿಳಿಸಿದಳು. ಕೇಳುವಾಗ ಸೆಲ್ಲು ಇಳಿದರೆ ದನಿ ದಪ್ಪ. ಆದರೆ ರೆಕಾರ್ಡು ಮಾಡುವಾಗಲೇ ಇಳಿದಿದ್ದರೆ? ನಿಧಾನ ತಿರುಗುವ ಟೇಪಿನ ಮೇಲೆ ಹಾಡು ಇಕ್ಕಟ್ಟಾಗಿ ಕೂಡುತ್ತದೆ. ಆಮೇಲೆ ಅದನ್ನು ಸರಿಯಾದ ವೇಗದಲ್ಲಿ ತಿರುಗಿಸಿದರೆ ಹಾಡು ಅವಸರ ಮಾಡುತ್ತದೆ, ದನಿ ಮೇಲೇರುತ್ತದೆ. ಸೆಲ್ಲು ಇಳಿದಷ್ಟೂ ದನಿ ಏರುತ್ತದೆ. ಸ್ಟುಡಿಯೋದವರು ಅದನ್ನು ಹಿಡಿದು, ಉದ್ದಕ್ಕೂ ವೇಗ ಸರಿಪಡಿಸಿದ್ದರು.

ಮೊಬೈಲಿನಲ್ಲಿ ಹಾಕಿದಳು. ನನ್ನ ಕೈಯಲ್ಲಿ ಮೆಂತ್ಯ ಸೊಪ್ಪಿನ ಕಟ್ಟಿತ್ತು, ಹಾಗೇ ಕೆಳಗೆ ಬಿತ್ತು. ಹಿತ್ತಲಿನಲ್ಲಿ ನೀರು ಸೇದುತ್ತಿದ್ದ ದನಿ! ಅದೇ ತಗ್ಗು, ಅದೇ ದಪ್ಪ, ಹರೆಯದ್ದು, ಕೊನೆಯ ಪದದ ಕೊನೆಯ ಸಾಲಿನವರೆಗೂ ಹಾಗೇ. ಅಳು ಬಂತು, ಅತ್ತುಬಿಟ್ಟೆ. ಇವರು ಬಾಗಿಲಲ್ಲಿ ನಿಂತು ಒಂದು ಪದ ಕೇಳಿದರು. "ಕಂಪ್ಯೂಟರದಾಗ ಏನ್ ಬೇಕಾದ್ದು ಮಾಡ್ತಾರ. ನನ್ನ ಈಗಿನ ದನಿ ತಂದು ಅದಕ್ಕ ಹಚ್ಚೀರಿ" ಎಂದು ಹೇಳಿ ಹೊರಗೆ ಹೋದರು.

ಮಗಳು ಅದನ್ನು ಯೂಟ್ಯೂಬಿಗೆ ಹಾಕಿದಳು. ಶುರುವಾಯಿತು ನೋಡಿ ತಕರಾರು.

ಇಷ್ಟೊಂದು ಮಂದಿಗೆ ಆ ಕ್ಯಾಸೆಟ್ಟಿನ ಮೇಲೆ ಇಷ್ಟು ಹಕ್ಕಿದೆ ಎಂದು ನನಗೆ ಗೊತ್ತಿರಲಿಲ್ಲ. "ಹಾಡಿನ ಜೀವ ತೆಗದೀರಿ" ಎಂದೊಬ್ಬ. "ಆ ಖರಖರ ಸೌಂಡಿನ್ಯಾಗ ಭಕ್ತಿ ಇತ್ತು, ಈಗ ಖಾಲಿ ಖಾಲಿ ಅನಸ್ತದ" ಎಂದು ಮತ್ತೊಬ್ಬ. ಖರಖರದಲ್ಲಿ ಭಕ್ತಿ! ಹಾಗಿದ್ದರೆ ನಮ್ಮ ಮಿಕ್ಸರಿಗೂ ಕೈಮುಗಿಯಬೇಕು. ಹಾಡುವವರನ್ನೇ ಬದಲಿಸಿದ್ದಾರೆ, ಇದು ಯಾರೋ ಬೇರೆಯವರು ಎಂದು ಒಬ್ಬ ಆಣೆ ಹಾಕಿ ಬರೆದಿದ್ದ. ಶಹಾಪುರದ ಒಬ್ಬ ಮಾತ್ರ, ಮೂರನೇ ಪದದಲ್ಲಿ ಕೆಮ್ಮುವ ಮುದುಕ ತನ್ನ ಅಜ್ಜ, ಆ ಕೆಮ್ಮನ್ನು ಯಾಕೆ ತೆಗೆಸಿದಿರಿ ಎಂದು ಬಹಳ ನೊಂದು ಕೇಳಿದ್ದ. ಮಗಳ ಕಣ್ಣಲ್ಲಿ ನೀರು ಬಂತು. "ಅಜ್ಜನ ಕೆಮ್ಮು ಇಟ್ಟೇವ್ರಿ, ದಯವಿಟ್ಟು ಕೇಳಿ ನೋಡ್ರಿ" ಎಂದು ಉತ್ತರ ಬರೆದಳು. ಆತ ಕೇಳಿಯೇ ಇರಲಿಲ್ಲ! ಹಾಡು ಹಚ್ಚಿ ನೋಡುವ ಮೊದಲೇ ತಕರಾರು ಹಾಕಿದ್ದ.

ಎಲ್ಲರಿಗಿಂತ ಜೋರು ಹುಣಸಗಿಯ ಒಬ್ಬ ಗೊಬ್ಬರದ ಅಂಗಡಿಯ ಸಾಹುಕಾರರದು. ಒಳ್ಳೆಯ ಮನುಷ್ಯ, ತಿಂಥಣಿಯ ಭಜನೆಗೆ ಅಕ್ಕಿ ಬೇಳೆ ಕೊಡುವವರು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ ಎರಡನೇ ಬದಿ ಹಾಕಿಯೇ ವ್ಯಾಪಾರ. ಅವರು ದಿನಾ ಒಂದೊಂದು ತಕರಾರು ಬರೆದರು, ನಮ್ಮ ಮನೆಯವರಿಗೆ ಫೋನು ಮಾಡಿದರು. ಕೊನೆಗೊಂದು ದಿನ ಶಹಾಪುರದ ಇಬ್ಬರು ಭಜನೆಯವರನ್ನೂ, ನಮ್ಮ ಮೇಳದ ಪೇಟಿ ಮಾಸ್ತರರನ್ನೂ ಕರೆದುಕೊಂಡು ಮನೆಗೇ ಬಂದರು. ಪೇಟಿ ಮಾಸ್ತರರು ಆ ಕ್ಯಾಸೆಟ್ಟಿನಲ್ಲಿ ಪೇಟಿ ನುಡಿಸಿದವರೇ, ಇವರ ಹಳೆಯ ಗೆಳೆಯರು. ಬರಲು ಮನಸ್ಸಿಲ್ಲದಿದ್ದರೂ ಬಂದಂತಿತ್ತು.

ಚಹಾ ಕೊಟ್ಟೆ. ಸಾಹುಕಾರರು ಬಸಿಗೆ ಸುರಿದುಕೊಂಡು ಕುಡಿದು, ಬಸಿ ಕೆಳಗಿಟ್ಟು, "ಅಕ್ಕೋರs, ನೀವು ಓದ್ದೋರು. ಹಿಂಗ ಮಾಡಬಾರದಿತ್ತು" ಅಂದರು.

"ಏನ್ ಮಾಡೀವ್ರಿ?"

"ಆ ಹಾಡು ಏರತಿತ್ತು. ನೀವು ಇಳಿಸೀರಿ. ಗುರುವಿನ ಕೃಪಾ ಇತ್ತದು, ಅದನ್ನ ಒರಿಸಿ ತಗದೀರಿ. ತಗಸ್ರಿ ಅದನ್ನ. ಹಳೇದs ಬರಾಬರ್ ಇತ್ತು."

ಮೂಲೆಯಲ್ಲಿ ಕೂತಿದ್ದ ನಮ್ಮ ಮನೆಯವರು ಮಗಳ ಕಡೆ ನೋಡಿ, "ತಗದುಬಿಡು. ಮಂದಿ ಇಷ್ಟು ಹೇಳಾಕತ್ತಾರ" ಅಂದರು.

ನನ್ನ ತಲೆ ಕೆಟ್ಟುಹೋಯಿತು. ಹಾಡಿದವರು ಇವರು, ದನಿ ಇವರದು, ಅದನ್ನು ಅಳಿಸಿಬಿಡು ಎಂದು ಹೇಳುವವರೂ ಇವರೇ! "ಯಾರೂ ಏನೂ ತಗಿಯಂಗಿಲ್ಲ" ಎಂದು ಎದ್ದು ನಿಂತೆ. ಮೇಳದ ಪೇಟಿ ನಮ್ಮ ಮನೆಯಲ್ಲೇ ಇರುತ್ತದೆ. ಮಂಚದ ಕೆಳಗಿಂದ ಎಳೆದು ತಂದು ಪೇಟಿ ಮಾಸ್ತರರ ಮುಂದೆ ಇಟ್ಟೆ. "ಇದ ಪೇಟಿ ಅಲ್ಲೇನ್ರಿ ಆವತ್ತು ನೀವು ನುಡಿಸಿದ್ದು?"

"ಇದs ಅವ್ವಾ."

"ಹಳೇ ಹಾಡು ಹಾಕ್ತಾಳ. ಅದರಾಗಿನ ನಿಮ್ಮ ಪೇಟಿ ಕೇಳ್ರಿ, ಇದ್ರಾಗ ಒತ್ತಿ ತೋರಸ್ರಿ. ಹಾಡೂದು ಬಿಡ್ರಿ, ಬರೇ ಪೇಟಿ ಕೇಳ್ರಿ."

ಇಷ್ಟು ವರ್ಷ ಯಾರೂ ಕೇಳದೆ ಬಿಟ್ಟದ್ದು ಅದನ್ನೇ. ಎಲ್ಲರ ಕಿವಿ ದನಿಯ ಹಿಂದೆ ಹೋಗಿತ್ತು. ಮಗಳು ಹಳೆಯ ಹಾಡಿನ ಮೊದಲ ಬದಿ ಹಾಕಿದಳು. ಪೇಟಿ ಮಾಸ್ತರರು ಒಂದು ಕರಿ ಪಟ್ಟಿ ಒತ್ತಿದರು, ಕ್ಯಾಸೆಟ್ಟಿನ ಪೇಟಿಗೂ ಇದಕ್ಕೂ ಕೂಡಿಕೊಂಡಿತು. ಎರಡನೇ ಬದಿ ಹಾಕಿದಳು. ಅದೇ ಪಟ್ಟಿ ಒತ್ತಿದರು, ಕೂಡಲಿಲ್ಲ. ಮುಂದಿನ ಪಟ್ಟಿ ಒತ್ತಿದರು, ಅದೂ ಕೂಡಲಿಲ್ಲ. ಕ್ಯಾಸೆಟ್ಟಿನ ಸುರ ಎರಡು ಪಟ್ಟಿಗಳ ನಡುವೆ ಎಲ್ಲೋ ಇತ್ತು. ಕೊನೆಯ ಪದಕ್ಕೆ ಬಂದಾಗ ಮಾಸ್ತರರ ಬೆರಳು ಬಲಕ್ಕೆ ಬಲಕ್ಕೆ ಸರಿಯುತ್ತ ಹೋಯಿತು. ಕ್ಯಾಸೆಟ್ಟಿನ ಪೇಟಿ ಹಾಡಿನ ಜೊತೆಗೆ ಏರುತ್ತಿತ್ತು. ಅವರು ಗಾಳಿ ಒತ್ತುವುದು ನಿಲ್ಲಿಸಿದರು.

"ನನ್ನ ಪೇಟಿ ಹಿಂಗ ಏರಂಗಿಲ್ಲ" ಅಂದರು ಮೆಲ್ಲಗೆ. "ನನ್ನ ಕಿವಿಗೆ ಒಮ್ಮೆ ಏನೋ ಅನಿಸಿತ್ತು. ಗುರುವಿನ ಮಾತು ಬಂತಂತ ಸುಮ್ನಾದೆ."

"ಹೇಳ್ರಿ ಸಾಹುಕಾರ್ರ" ಅಂದೆ, "ಹಾಡೋರಿಗೆ ಮೈಮ್ಯಾಲೆ ಬಂದಿತ್ತು ಅನ್ರಿ. ಪೇಟಿಗೂ ಬಂದಿತ್ತೇನು?"

ಶಹಾಪುರದ ಇಬ್ಬರೂ ನಕ್ಕರು. ಸಾಹುಕಾರರು ನಗಲಿಲ್ಲ. "ಬಂದಿರಬೇಕು. ಗುರುವಿಗೆ ಪೇಟಿ ಏನು, ಮನಶ್ಯಾ ಏನು" ಅಂದರು. ಇಂಥವರಿಗೆ ಏನು ಹೇಳುತ್ತೀರಿ? ಎದ್ದು ಹೊರಡುತ್ತ ಇವರ ಕೈ ಹಿಡಿದುಕೊಂಡು, "ನೀವು ಅಮಾಸಿಗೆ ಮುಂದ ಕೂತು ಒಮ್ಮೆ ಅನ್ರಿ. ಯಾವುದು ಖರೇ ಅಂತ ಮಂದೀನ ಹೇಳ್ತದ" ಅಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಆಸೆಯೇ ಇತ್ತು. ಅದಕ್ಕೆ ಅವರ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು.

ಅವರೆಲ್ಲ ಹೋದ ಮೇಲೆ ಇವರು ಪೇಟಿಯ ಮುಂದೆ ಬಂದು ಕೂತರು. "ಹೊಸಾದು ಹಾಕು" ಅಂದರು ಮಗಳಿಗೆ. ಕೊನೆಯ ಪದ ಹಾಕಿದಳು. ಮಾಸ್ತರರು ಮೊದಲು ಒತ್ತಿದ ಅದೇ ಕರಿ ಪಟ್ಟಿಯ ಮೇಲೆ ಇವರು ಬೆರಳಿಟ್ಟರು. ಹಾಡು ಮುಗಿಯುವವರೆಗೂ ಬೆರಳು ಎತ್ತಲಿಲ್ಲ, ಎತ್ತುವ ಅಗತ್ಯ ಬೀಳಲಿಲ್ಲ.

"ಕೊಡೇಕಲ್ಲಿನ್ಯಾಗ ನಾ ಹಿಡಿದದ್ದು ಇದ ಸುರ" ಅಂದರು. "ಹೌದಿಲ್ಲೋ? ನೀ ಅಲ್ಲೇ ಇದ್ದಿ."

"ಇದ ಸುರ" ಅಂದೆ.

"ಹಂಗಂದ್ರ ನಾ ಬರಾಬರ್ ಹಾಡಾಕತ್ತಿದ್ದೆ."

"ಬರಾಬರ್ ಹಾಡಾಕತ್ತಿದ್ರಿ."

ಅವರ ಮುಖ ನೋಡಲಾಗಲಿಲ್ಲ ನನಗೆ. "ಟಾರ್ಚಿನ ಸೆಲ್ಲು" ಅಂದರು, ಮತ್ತೆ ಇನ್ನೊಮ್ಮೆ "ಟಾರ್ಚಿನ ಸೆಲ್ಲಿಗೆ ನಾ ಬಾಯಿ ಮುಚ್ಚಿಕೊಂಡು ಕೂತೆ" ಅಂದರು. ಆಮೇಲೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಗಂಡಸರು ಅಳುವುದನ್ನು ನೋಡಬಾರದೆಂದು ಮಗಳು ಒಳಗೆ ಹೋದಳು. ನಾನು ಹೋಗಲಿಲ್ಲ, ಪಕ್ಕದಲ್ಲೇ ಕೂತೆ. ಅತ್ತು ಮುಗಿದ ಮೇಲೆ ಅವರು ಕೇಳಿದ್ದು, "ಅಮಾಸಿ ಯಾವತ್ತದ?"

ಅಮಾವಾಸ್ಯೆಯ ದಿನ ತಿಂಥಣಿಯಲ್ಲಿ ಊಟದ ನಂತರ ಭಜನೆ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಜನ ಎಲೆ ಎತ್ತಿ ಕೈತೊಳೆದು ಬಂದು ಕೂತರು. ಇವರು ಮುಂದೆ ಕೂತದ್ದು ನೋಡಿ ಗುಸುಗುಸು ಎದ್ದಿತು. ಹೆಂಗಸರ ಸಾಲಿನಲ್ಲಿ ನಾನು ಇವರ ಮುಖ ಕಾಣುವ ಜಾಗ ಹಿಡಿದು ಕೂತಿದ್ದೆ. ಅರವತ್ತು ದಾಟಿದ ಗಂಟಲು, ಇಷ್ಟು ವರ್ಷ ಹಾಡದ ಗಂಟಲು, ಇಲ್ಲಿ ಒಡೆದರೆ ಈ ಮನುಷ್ಯ ಮತ್ತೆ ಬಾಯಿ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಾಕಾದರೂ ಆ ಪೇಟಿ ಎಳೆದು ತಂದೆನೋ ಅನ್ನಿಸಿತು.

ಮೊದಲ ಪದದಲ್ಲಿ ದನಿ ನಡುಗಿತು. ಎರಡನೆಯದರಲ್ಲಿ ಕೂತಿತು. ವಯಸ್ಸಾದ ದನಿಯೇ, ಒರಟಾಗಿತ್ತು, ಉಸಿರು ಸಾಲುತ್ತಿರಲಿಲ್ಲ, ಆದರೆ ಅದೇ ದನಿ. ಜನ ಕೇಳಿದರು. ಯಾರೂ ಕೂಗಲಿಲ್ಲ.

ಕೊನೆಯ ಪದ ಬಂತು. ಪದ್ಧತಿಯಂತೆ ಎಲ್ಲರ ಕಣ್ಣೂ ಪೇಟಿ ಮಾಸ್ತರರ ಕಡೆ ಹೊರಳಿತು, ಟವೆಲ್ಲು ಹೊದಿಸುವ ಹೊತ್ತು. ಮಾಸ್ತರರು ಟವೆಲ್ಲನ್ನು ತಮ್ಮ ಹೆಗಲಿಗೇ ಹಾಕಿಕೊಂಡರು. ಪೇಟಿ ನಿಲ್ಲಿಸಲಿಲ್ಲ. ಇವರು ತಗ್ಗಿನಲ್ಲಿ ಪದ ಹಿಡಿದರು. ಹಿಂದೆ ಧ್ವನಿಗೂಡಿಸುವವರು ಒಂದು ಸಾಲು ಜೊತೆಗೆ ಬಂದರು, ಎರಡನೆಯ ಸಾಲಿಗೆ ರೂಢಿಯ ಬಲದಿಂದ ಏರತೊಡಗಿದರು. ಕೂತ ಜನವೂ ಅವರ ಜೊತೆಗೆ ಏರಿತು. ಯಾರದೂ ದುರುದ್ದೇಶವಿರಲಿಲ್ಲ, ಹಾಗೇ ಕಲಿತಿದ್ದರು. ಇಡೀ ಗುಡಿಯಂಗಳ ಮೇಲೆ ಹೋಗುತ್ತಿದೆ, ಇವರೊಬ್ಬರು ಕೆಳಗೆ.

ಇವರ ಕೊರಳ ನರ ನೋಡಿದೆ. ಉಬ್ಬಿರಲಿಲ್ಲ. ಕಣ್ಣು ಮುಚ್ಚಿಕೊಂಡು ತಮ್ಮ ಸುರವನ್ನು ಬಿಡದೆ ಹಿಡಿದಿದ್ದರು. ನನಗೆ ತಡೆಯಲಾಗಲಿಲ್ಲ. ಹೆಂಗಸರ ಸಾಲಿನಿಂದ ನಾನು ದನಿ ತೆಗೆದೆ, ಇವರ ಸುರದಲ್ಲೇ, ಶಾಲೆಯಲ್ಲಿ ಪದ್ಯ ಹೇಳಿಸುವ ನನ್ನ ಕರ್ಕಶ ಗಂಟಲಲ್ಲಿ. ಪಕ್ಕದ ಮುದುಕಿ ನನ್ನ ಮುಖ ನೋಡಿ ತಾನೂ ಕೂಡಿದಳು. ಆಮೇಲೆ ನಮ್ಮ ಸಾಲು ಪೂರ್ತಿ ಬಂತು. ಮೇಲೆ ಹೋದವರಲ್ಲಿ ಒಬ್ಬೊಬ್ಬರೇ ತಡವರಿಸಿ, ಪೇಟಿಯ ಕಡೆ ಕಿವಿಕೊಟ್ಟು, ಕೆಳಗಿಳಿದು ಸೇರಿಕೊಂಡರು. ಕೊನೆಗೆ ಮೇಲೆ ಉಳಿದದ್ದು ಒಂದೇ ದನಿ. ಸಾಹುಕಾರರು ಕಣ್ಣುಮುಚ್ಚಿ, ಎರಡೂ ಕೈ ಎತ್ತಿ, ಮುಖವೆಲ್ಲ ಬೆವರಾಗಿ ಹಾಡುತ್ತಿದ್ದರು. ಸುತ್ತ ಏನಾಗಿದೆ ಎಂಬ ಖಬರೇ ಇರಲಿಲ್ಲ. ಪಾಪ, ದನಿ ಒಡೆಯಿತು. ಕಣ್ಣು ತೆರೆದು ನೋಡಿದರು.

ಎಲ್ಲರೂ ತಮ್ಮ ಕಡೆ ನೋಡುತ್ತಿದ್ದಾರೆಂದು ತಿಳಿದು ಅವರ ಮುಖ ಇಳಿದುಹೋಯಿತು. ಆ ಮುಖ ನಾನು ಕೊಡೇಕಲ್ಲಿನಲ್ಲಿ ಇವರಲ್ಲಿ ನೋಡಿದ್ದೆ. ಇವರೂ ಕಣ್ಣು ತೆರೆದು ಅದನ್ನು ನೋಡಿದರು. ಹಾಡು ನಿಲ್ಲಿಸದೆ ಕೈ ಮುಂದೆ ಚಾಚಿ, ಬರ್ರಿ ಬರ್ರಿ ಎಂದು ತಮ್ಮ ಪಕ್ಕದ ಜಾಗ ತೋರಿಸಿದರು. ಸಾಹುಕಾರರು ಮಂದಿಯ ನಡುವೆ ದಾರಿ ಮಾಡಿಕೊಂಡು ಬಂದು ಕೂತು, ಕೊನೆಯ ಸಾಲನ್ನು ಇವರ ಜೊತೆಗೆ ತಗ್ಗಿನಲ್ಲೇ ಹಾಡಿ ಮುಗಿಸಿದರು.

"ಕ್ಯಾಸೆಟ್ಟಿನ ಹಂಗ ಬರ್ಲಿಲ್ಲ ಬಿಡ್ರಿ" ಅಂದರು ಮುಗಿಸಿದ ಮೇಲೆ, ಮೂಗು ಒರೆಸಿಕೊಳ್ಳುತ್ತ.

"ಕ್ಯಾಸೆಟ್ಟಿನ ಹಂಗ ನಾ ಎಂದೂ ಹಾಡೇ ಇಲ್ರಿ" ಅಂದರು ಇವರು.

ಪದ್ಧತಿಯ ಪ್ರಕಾರ ಅದು ಕೊನೆಯ ಪದ. ಜನ ಚಪ್ಪಲಿ ಹುಡುಕಿಕೊಳ್ಳಲು ಎದ್ದಿದ್ದರು. ಪೇಟಿ ಮಾಸ್ತರರು ಪೇಟಿ ಮುಚ್ಚಲು ಕೈಹಾಕಿದರು. ನಮ್ಮ ಮನೆಯವರು ಆ ಕೈಯ ಮೇಲೆ ತಮ್ಮ ಕೈಯಿಟ್ಟು, ಅಷ್ಟು ಮಂದಿಯ ನಡುವೆ ನನ್ನನ್ನು ಹುಡುಕಿ ನೋಡಿ, "ಇನ್ನೊಂದು ಅನ್ಲೇನು?" ಎಂದು ಕೇಳಿದರು.